ಕಾರ್ಡಿನಲ್ಲಿ ದುಡ್ಡಿದೆ, ಅಮ್ಮನ ನೋವಿಗೆ ಮಾತ್ರ ಬರುವುದಿಲ್ಲ ಯಾಕೆ?

ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಬಗ್ಗೆ ಈ ಸಲ ಮತ್ತೆ ವಿವರಿಸುವುದಿಲ್ಲ. ಅದನ್ನು ಹಲವು ಬಾರಿ ಬರೆದಾಗಿದೆ. ನನ್ನನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ಊರು ಬದಲಾಗುತ್ತದೆ, ಕಾಯಿಲೆ ಬದಲಾಗುತ್ತದೆ, ಓದುಗರು ಕೇಳುವ ಮಾತು ಮಾತ್ರ ಅದೇ: ಕಾರ್ಡ್ ಇದ್ದರೂ ಮನೆಯಲ್ಲಿನ ಆರೈಕೆಗೆ ದುಡ್ಡು ಯಾಕೆ ಬರುವುದಿಲ್ಲ? ಅಂಥ ಪತ್ರಗಳಲ್ಲಿ ಒಂದನ್ನು ಎತ್ತಿಕೊಂಡು ಉದ್ದಕ್ಕೆ ಉತ್ತರಿಸುತ್ತೇನೆ. ಉಳಿದವಕ್ಕೆ ಚುಟುಕಾಗಿ.

ಡಾಕ್ಟ್ರೇ, ನಮ್ಮ ಅಮ್ಮನಿಗೆ 66 ವರ್ಷ. ಗರ್ಭಕಂಠದ ಕ್ಯಾನ್ಸರ್ ಹರಡಿದೆ. ‘ಇನ್ನು ಕಿಮೋ ಬೇಡ, ಮನೆಗೆ ಕರ್ಕೊಂಡು ಹೋಗಿ’ ಅಂದರು. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್‌ನಲ್ಲಿ ಈ ವರ್ಷದ್ದು ಇನ್ನೂ 3 ಲಕ್ಷದ ಮೇಲೆ ಉಳಿದಿದೆ. ಆದರೆ ಮನೆಯಲ್ಲಿ ನೋವಿನ ಮಾತ್ರೆ, ಡಯಾಪರ್, ನರ್ಸ್ ಯಾವುದಕ್ಕೂ ಅದು ಬರುವುದಿಲ್ಲವಂತೆ. ಅಡ್ಮಿಟ್ ಮಾಡಿದರೆ ಬರುತ್ತದೆ ಅನ್ನುತ್ತಾರೆ. ಮಾಡಿಸಲಾ?

ಕಾರ್ಡಿನಲ್ಲಿ ದುಡ್ಡು ಉಳಿದಿದೆ ಎಂಬ ಒಂದೇ ಕಾರಣಕ್ಕೆ ಮಾಡಿಸಬೇಡಿ. ರಕ್ತಸ್ರಾವವಾದರೆ, ಮೂತ್ರ ಕಟ್ಟಿದರೆ, ನೋವು ಮಾತ್ರೆಗೆ ಬಗ್ಗದಿದ್ದರೆ ಎರಡು ದಿನ ಸೇರಿಸಿ ಹತೋಟಿಗೆ ತಂದುಕೊಂಡು ಮನೆಗೆ ಬನ್ನಿ. ಅದು ಬೇರೆ ಮಾತು.

ನಿಮ್ಮ ಪ್ರಶ್ನೆಯ ಹಿಂದಿರುವ ಅನ್ಯಾಯ ಮಾತ್ರ ನಿಜ. ಅದು ಎಲ್ಲಿಂದ ಬಂತು ಎಂದು ತಿಳಿದರೆ ದಾರಿಯೂ ಕಾಣುತ್ತದೆ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಶುರುವಾಯಿತು. ಕೇಂದ್ರದ ಆಯುಷ್ಮಾನ್ ಭಾರತ ಜನ ಆರೋಗ್ಯ ಯೋಜನೆ ಅದೇ ವರ್ಷ ಸೆಪ್ಟೆಂಬರ್ 23ರಂದು ಬಂತು, ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಗಮನಿಸಿ, ತಲೆಗಲ್ಲ, ಇಡೀ ಕುಟುಂಬಕ್ಕೆ. ಈ ಹಣ ಇರುವುದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜ್, ಒಂದು ಕೋಡ್, ಒಂದು ದರ. ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ಹಣ ಕೊಡುವುದು ಆ ಕೋಡ್ ನೋಡಿ. ಕಿಮೋಗೆ ಕೋಡ್ ಇದೆ, ರೇಡಿಯೇಶನ್‌ಗೆ ಇದೆ, ಐಸಿಯುಗೆ ಇದೆ. ಪಟ್ಟಿಯಲ್ಲಿ ‘ಪ್ಯಾಲಿಯೇಟಿವ್ ಕಿಮೋಥೆರಪಿ’ ಎಂಬ ಹೆಸರು ಕಂಡು ಕೆಲವರು ನನಗೆ ಫೋಟೊ ಕಳಿಸುತ್ತಾರೆ. ಅದು ಕಿಮೋನೇ. ನಿಮ್ಮ ಅಮ್ಮನಿಗೆ ಬೇಕಾಗಿರುವುದು ಅದಲ್ಲ.

ನರ್ಸ್ ಮನೆಗೆ ಬಂದು ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿದರೆ ಆ ಹಣದಲ್ಲಿ ಕಾಸು ಹುಟ್ಟುವುದಿಲ್ಲ. ಮಗ, ಸೊಸೆ, ಅಳಿಯರನ್ನು ಕೂರಿಸಿಕೊಂಡು ಡಾಕ್ಟರು ಒಂದು ತಾಸು ಮಾತನಾಡಿದರೂ ಹುಟ್ಟುವುದಿಲ್ಲ. ಹಾಗಾಗಿ ಆ ಕೆಲಸಕ್ಕೆ ಆಸ್ಪತ್ರೆಗಳು ಜನರನ್ನು ಇಟ್ಟುಕೊಳ್ಳುವುದೂ ಇಲ್ಲ. ಇದರ ಪೆಟ್ಟು ಹೆಚ್ಚು ಬಿದ್ದಿರುವುದು ವೈದ್ಯಕೀಯ ಸಮಾಜ ಕಾರ್ಯಕರ್ತರ ಮೇಲೆ. ಪಿಂಚಣಿ ಅರ್ಜಿ ಬರೆಸಿ, ಶಾಲೆ ಬಿಟ್ಟ ಮಗುವನ್ನು ಮತ್ತೆ ಶಾಲೆಗೆ ಕಳಿಸಿ, ಸಾಲಗಾರನ ಹತ್ತಿರ ಒಂದು ಮಾತಾಡಿ ಬರುವ ಮನುಷ್ಯ ಅವರು. ಅಂಥವರು ಇರುವ ಕಡೆಯೂ ದಿನವೆಲ್ಲ ಪ್ಯಾಕೇಜಿನ ಮಂಜೂರಾತಿ ಕಾಗದಗಳ ಹಿಂದೆ ಓಡುವುದನ್ನು ನೋಡಿದ್ದೇನೆ. ರೋಗಿಯ ಮನೆ ಎಲ್ಲಿದೆ ಎಂದು ಕೇಳಲೂ ಅವರಿಗೆ ಬಿಡುವಿಲ್ಲ.

ಕೆಲವು ವರ್ಷದ ಹಿಂದೆ ಬಾಯಿ ಕ್ಯಾನ್ಸರಿನ ಒಬ್ಬ ಹಮಾಲರನ್ನು ನಾನು ನೋಡಿಕೊಳ್ಳುತ್ತಿದ್ದೆ. ಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದವರು. ಒಂದು ಶನಿವಾರ ನೋವಿನ ಮಾತ್ರೆ ಮಾರ್ಫಿನ್ ಮುಗಿಯಿತು, ಹತ್ತಿರದಲ್ಲೆಲ್ಲೂ ಸಿಗಲಿಲ್ಲ. ರಾತ್ರಿ ಅವರ ಕೂಗು ಕೇಳಲಾರದೆ ಹೆಂಡತಿ ಕಾರ್ಡ್ ಹಿಡಿದು ಒಂದು ಆಸ್ಪತ್ರೆಗೆ ಕರೆದೊಯ್ದರು. ನೇರ ಐಸಿಯು. ಗಂಟಲಿಗೆ ನಳಿಗೆ. ಒಂಬತ್ತು ದಿನ. ದಿನಕ್ಕೆ ಎರಡು ಸಲ ಹೆಂಡತಿಗೆ ನೋಡಲು ಬಿಡುತ್ತಿದ್ದರು. ಕೈಯಿಂದ ಒಂದು ಪೈಸೆ ಖರ್ಚಾಗಲಿಲ್ಲ, ಎಲ್ಲವನ್ನೂ ಯೋಜನೆಯೇ ಕಟ್ಟಿತು. ಆಮೇಲೆ ಆಕೆ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟು: ‘ಕೊನೆಗೆ ಕೈ ಸನ್ನೆ ಮಾಡಿ ಏನೋ ಕೇಳಿದ್ರು ಡಾಕ್ಟ್ರೇ, ನಂಗೆ ತಿಳೀಲಿಲ್ಲ.’ ಒಂದು ಪಟ್ಟಿ ಮಾತ್ರೆ ಮನೆಯಲ್ಲಿದ್ದಿದ್ದರೆ ಆ ಒಂಬತ್ತು ದಿನ ಅವರು ತಮ್ಮ ಹಾಸಿಗೆಯಲ್ಲಿರುತ್ತಿದ್ದರು. ಸರ್ಕಾರಕ್ಕೂ ಖರ್ಚು ಉಳಿಯುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಈಗಲೂ.

ಈಗ ನೀವು ಮಾಡಬೇಕಾದ್ದು. ಆಯುಷ್ಮಾನ್ ಭಾರತಕ್ಕೆ ಎರಡು ಕಾಲು. ಕಾರ್ಡ್ ಒಂದು ಕಾಲು ಮಾತ್ರ. ಇನ್ನೊಂದು ನಿಮ್ಮೂರಿನ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. ಮೊದಲು ಅವಕ್ಕೆ ಕ್ಷೇಮ ಕೇಂದ್ರ ಎನ್ನುತ್ತಿದ್ದರು, 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡ್. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯೂ ಸೇರಿದೆ. ಇದಕ್ಕೆ ಕಾರ್ಡ್ ಬೇಡ, 5 ಲಕ್ಷದ ಮಿತಿಯೂ ಇಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಅಮ್ಮನ ಹೆಸರನ್ನು ಹಾಸಿಗೆ ಹಿಡಿದವರ ಪಟ್ಟಿಗೆ ಸೇರಿಸಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಮನೆಗೆ ಕರೆಸಿ. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಈ ಸೇವೆ ಗೋಡೆ ಬರಹದಲ್ಲೇ ನಿಂತಿದೆ. ಆದರೂ ಕೇಳಿ. ಹಾಸಿಗೆ ಹಿಡಿದವರ ಲೆಕ್ಕ ಕೇಂದ್ರದ ಪುಸ್ತಕದಲ್ಲಿ ಇಲ್ಲದಿದ್ದರೆ ಮುಂದಿನ ವರ್ಷವೂ ಅಲ್ಲಿಗೆ ಹತ್ತಿ, ಬ್ಯಾಂಡೇಜ್, ಕ್ಯಾತಿಟರ್ ಸಾಕಾಗುವಷ್ಟು ಬರುವುದಿಲ್ಲ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ದಾರಿ ಸಲೀಸು ಮಾಡಿದ್ದಾರೆ. ಮೊದಲು ಹಲವು ಲೈಸೆನ್ಸ್ ಬೇಕಿತ್ತು, ಈಗ ಆಸ್ಪತ್ರೆಯೊಂದು ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು. ಆ ಮಾನ್ಯತೆ ಯಾವ ಆಸ್ಪತ್ರೆಗಿದೆ ಎಂದು ಡಿಸ್ಚಾರ್ಜ್ ಆಗುವ ಮುಂಚೆ, ಅಲ್ಲಿಯೇ, ಬಾಯಿಬಿಟ್ಟು ಕೇಳಿ. ಮನೆಗೆ ಬಂದ ಮೇಲೆ ಶನಿವಾರ ರಾತ್ರಿ ಹುಡುಕಬೇಡಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೇಂದ್ರದ ಯೋಜನೆಯ ನಿಯಮದಂತೆ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನದ ಔಷಧ, ಪರೀಕ್ಷೆ ಪ್ಯಾಕೇಜಿನ ಒಳಗೇ ಬರುತ್ತವೆ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಕೌಂಟರಿಗೆ ಹೋಗಿ ಆ 15 ದಿನದ ಔಷಧ ಕೇಳಿ ತೆಗೆದುಕೊಳ್ಳಿ. ‘ಹೊರಗೆ ತಗೊಳ್ಳಿ’ ಎಂದರೆ ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯೇ? 65 ದಾಟಿದವರಿಗೆ ಅದು. ಇಲ್ಲದಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಬರುತ್ತಿದ್ದರೆ, ಬ್ಯಾಂಕಿಗೆ ಹೋಗಲಾಗದೆ ಆ ಹಣ ಕೊಳೆಯುತ್ತಿದೆಯೇ ನೋಡಿ. ಅಂಚೆಯವರು ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಪಡೆದು ಕೊಡುವ ವ್ಯವಸ್ಥೆ ಇದೆ. ಬೆಂಗಳೂರಿನ ಸುತ್ತಮುತ್ತ ಇದ್ದು ಮನೆಯಲ್ಲಿ ನಿಭಾಯಿಸಲು ಆಗದೇ ಇದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗದಲ್ಲಿ ವಿಚಾರಿಸಿ. ಕರುಣಾಶ್ರಯದಂಥ ಕಡೆ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ.

‘ಹಾಗಾದರೆ ಮನೆ ಭೇಟಿಗೂ ಒಂದು ಪ್ಯಾಕೇಜ್ ಇಡಲಿ’ ಎಂದು ಕೆಲವು ಓದುಗರು ಬರೆಯುತ್ತಾರೆ. ನಾನೂ ಹಾಗೇ ವಾದಿಸುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ 1983ರಿಂದಲೇ ಹಾಸ್ಪಿಸ್ ಆರೈಕೆಗೆ, ಅಂದರೆ ಕೊನೆಗಾಲದ ಆರೈಕೆಗೆ, ದಿನಕ್ಕಿಷ್ಟು ಎಂದು ಕೊಡುತ್ತದೆ. ತಂಡದಲ್ಲಿ ಸಮಾಜ ಕಾರ್ಯಕರ್ತರು ಅಥವಾ ಆಪ್ತಸಮಾಲೋಚಕರು ಇರಲೇಬೇಕೆಂಬ ನಿಯಮವೂ ಇದೆ. ಅಷ್ಟು ಮಟ್ಟಿಗೆ ಹೊಟ್ಟೆಕಿಚ್ಚು ಪಡುವಂಥದ್ದೇ. ಆದರೆ ಅದೇ ಹಣಕ್ಕಾಗಿ ಸಾವಿನ ಅಂಚಿನಲ್ಲಿ ಇಲ್ಲದವರನ್ನೂ ಸೇರಿಸಿಕೊಂಡು ಬಿಲ್ ಮಾಡಿದ ಸಂಸ್ಥೆಗಳ ಪ್ರಕರಣಗಳು ಅಲ್ಲಿ ಕೋರ್ಟು ಹತ್ತಿವೆ. ಕಾರ್ಡ್ ಹೆಸರಿನಲ್ಲಿ ಬೇಡದ ಸರ್ಜರಿ ನಡೆಯುವುದನ್ನು ಕಂಡ ನಾಡು ನಮ್ಮದು. ಬಾರದ ನರ್ಸ್ ಬಂದಳೆಂದು ಬರೆಯಲು ಎಷ್ಟು ಹೊತ್ತು?

ತಲಪಾಡಿಯ ಗಡಿ ದಾಟಿದರೆ ಬೇರೆ ದಾರಿ ಕಾಣುತ್ತದೆ. ಕೇರಳ 2008ರಲ್ಲಿ ಪ್ಯಾಲಿಯೇಟಿವ್ ಕೇರ್ ನೀತಿ ಮಾಡಿತು. ಅದನ್ನು ವಿಮೆಗೆ ಕಟ್ಟಿಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಪಂಚಾಯಿತಿಯ ಕೈಗೆ ಕೊಟ್ಟಿತು. ಅಲ್ಲಿ ನರ್ಸ್ ಊರೂರು ತಿರುಗುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರಿರುತ್ತಾರೆ. ಅಕ್ಕಿ ಇಲ್ಲದ ಮನೆಗೆ ಅಕ್ಕಿ ತಲುಪಿಸುವುದೂ ಅಲ್ಲಿ ಆರೈಕೆಯ ಭಾಗ. ಇದಕ್ಕೂ ಮೊದಲು, 1993ರಿಂದ, ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೆಲ ಹದ ಮಾಡಿದ್ದರು ಎನ್ನುವುದು ನಿಜ. ಆದರೆ ನಮ್ಮಲ್ಲಿಯೂ ಗ್ರಾಮ ಪಂಚಾಯಿತಿ ಇದೆ, ಆಶಾ ಇದ್ದಾರೆ, ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಬೇಕಾದ್ದು ಮೂರು: ಸಂಬಳದ ನರ್ಸ್, ತಾಲೂಕಿಗೊಬ್ಬ ಸಮಾಜ ಕಾರ್ಯಕರ್ತ, ತಾಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್. ವಿಮೆಯ ಮಿತಿ 5 ಲಕ್ಷದಿಂದ 10 ಲಕ್ಷಕ್ಕೆ ಏರಿದರೂ ನಿಮ್ಮ ಅಮ್ಮನ ಹಾಸಿಗೆಯ ಹತ್ತಿರಕ್ಕೆ ಅದರಿಂದ ಏನೂ ಬರುವುದಿಲ್ಲ. ಈ ಮೂರು ಬಂದರೆ ಬಹಳಷ್ಟು ಬರುತ್ತದೆ.

70 ದಾಟಿದವರಿಗೆ ಹೊಸ ಕಾರ್ಡ್ ಅಂತಾರಲ್ಲ, ಅದರಲ್ಲಾದರೂ ಮನೆ ಆರೈಕೆ ಇದೆಯಾ?

ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಶುರು ಮಾಡಿದ ಆ ವಿಸ್ತರಣೆಯೂ ಆಸ್ಪತ್ರೆ ದಾಖಲಾತಿಗೇ.

ಎಪಿಎಲ್‌ನವರಿಗೆ ಏನೂ ಇಲ್ಲವಾ?

ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ. ಆರೋಗ್ಯ ಕೇಂದ್ರದ ಸೇವೆಗೆ ಎಪಿಎಲ್, ಬಿಪಿಎಲ್ ಭೇದವಿಲ್ಲ.

ನಮ್ಮದು ಖಾಸಗಿ ಪಾಲಿಸಿ. ವರ್ಷಕ್ಕೆ ಕೈತುಂಬ ಪ್ರೀಮಿಯಂ ಕಟ್ಟುತ್ತೇವೆ. ಅದರಲ್ಲಿ ಬರುತ್ತದೆ ಅಲ್ಲವಾ?

ಪಾಲಿಸಿ ಪುಸ್ತಕ ತೆಗೆದು ಹೊರಗಿಟ್ಟವುಗಳ ಪಟ್ಟಿಯಲ್ಲಿ 05 ಎಂಬ ಕೋಡ್ ಹುಡುಕಿ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಸಿದ್ಧ ಪಠ್ಯ ಅದು. ಸಾವಿನ ಅಂಚಿನಲ್ಲಿರುವವರ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಅಗತ್ಯಗಳಿಗಾಗಿ ಕೊಡುವ ಸೇವೆಗೆ ಹಣವಿಲ್ಲ ಎಂದು ಅಲ್ಲಿ ಬರೆದಿದೆ. ಪ್ಯಾಲಿಯೇಟಿವ್ ಕೇರ್ ಎಂದರೇನು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ನಾನು ಬಳಸುವುದು ಇವೇ ನಾಲ್ಕು ಮಾತು. ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ ಆರೈಕೆಯನ್ನೂ ಅದೇ ಕೋಡ್ ಹೊರಗಿಟ್ಟಿದೆ. ಏಜೆಂಟ್ ಬಾಯಿಮಾತಿನಲ್ಲಿ ಏನೇ ಹೇಳಿರಲಿ, ನಂಬಬೇಡಿ.

ಪ್ಯಾಲಿಯೇಟಿವ್ ಡಾಕ್ಟರ ಹತ್ತಿರ ಹೋದರೆ ಕಿಮೋ ನಿಲ್ಲಿಸುತ್ತಾರಂತೆ, ಕಾರ್ಡೂ ರದ್ದಾಗುತ್ತದಂತೆ?

ಎರಡೂ ಸುಳ್ಳು. ಕಿಮೋ ನಡೆಯುತ್ತಿರುವಾಗಲೇ ಬನ್ನಿ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್‌ಗೆ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಆರೈಕೆ ಪಡೆದವರ ಬದುಕಿನ ಅವಧಿಯ ಮಧ್ಯಾಂಕ 11.6 ತಿಂಗಳು, ಪಡೆಯದವರದು 8.9.

ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ಭಯ.

ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಇಲ್ಲ. ಮಲಬದ್ಧತೆಗೆ ಜೊತೆಯಲ್ಲೇ ಔಷಧ ಕೊಡಿ. ಪಕ್ಕದ ಮನೆಯವರ ಸಲಹೆಯ ಮೇಲೆ ಡೋಸ್ ಏರಿಸಲೂ ಬೇಡಿ, ಇಳಿಸಲೂ ಬೇಡಿ.

ಒಬ್ಬರು 40 ದಿನದ ಪುಡಿ ಕೊಡುತ್ತಾರೆ, ನಾಲ್ಕನೇ ಹಂತವೂ ವಾಸಿ ಅಂತಾರೆ.

ಕ್ಯಾನ್ಸರ್ ವಾಸಿ ಮಾಡುತ್ತೇನೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಇಂಥವರಿಗೆ ಓಲೆ ಅಡವಿಟ್ಟು ದುಡ್ಡು ಕೊಟ್ಟು, ಆಮೇಲೆ ಗಾಯಕ್ಕೆ ಕಟ್ಟಲು ಹತ್ತಿಬಟ್ಟೆಗೂ ಕಾಸಿಲ್ಲದೆ ನನ್ನೆದುರು ಕುಳಿತವರನ್ನು ನೋಡಿ ಸಾಕಾಗಿದೆ. ಹೋಗಬೇಡಿ. ಕಾರ್ಡ್ ಮಾಡಿಸಿಕೊಡುತ್ತೇನೆ, ಹೆಸರು ಸೇರಿಸುತ್ತೇನೆ ಎಂದು ದುಡ್ಡು ಕೇಳುವ ದಲ್ಲಾಳಿಗೂ ಇದೇ ಮಾತು.

ಅಪ್ಪನೇ ವೆಂಟಿಲೇಟರ್ ಬೇಡ ಅಂದಿದ್ದಾರೆ. ಆಸ್ಪತ್ರೆಯವರು ‘ಹಾಗಾದರೆ ವೈದ್ಯರ ಸಲಹೆ ಮೀರಿ ಹೋಗ್ತಿದ್ದೀವಿ ಅಂತ ಸಹಿ ಹಾಕಿ’ ಅಂತಾರೆ.

ಸಹಿ ಹಾಕುವ ಮುಂಚೆ ನಿಲ್ಲಿ. ಬುದ್ಧಿ ಸ್ವಾಧೀನದಲ್ಲಿರುವ ರೋಗಿ ಯಾವ ಚಿಕಿತ್ಸೆಯನ್ನಾದರೂ ಬೇಡ ಎನ್ನಬಹುದು. ಮಾತು ನಿಂತ ಮೇಲೂ ಆ ಇಚ್ಛೆ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಬರೆದಿಟ್ಟರೆ ಸಾಕು. ಇದನ್ನು ಜಾರಿ ಮಾಡಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ‘ಸಲಹೆ ಮೀರಿ’ ಎಂದು ಬರೆಸಿಕೊಂಡು ಹೊರಟರೆ ನಿಮ್ಮ ಕೈಗೆ ಸಿಗುವುದು ಔಷಧದ ಚೀಟಿಯೂ ಇಲ್ಲದ ಒಂದು ಹಾಳೆ. ಕ್ರಮವಾದ ಡಿಸ್ಚಾರ್ಜ್ ಕೇಳಿ. ನೋವಿನ ಔಷಧದ ಹೆಸರು, ಪ್ರಮಾಣ, ಎಷ್ಟು ತಾಸಿಗೊಮ್ಮೆ, ಉಸಿರು ಕಟ್ಟಿದಂತಾದರೆ ಏನು ಕೊಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಇಷ್ಟೂ ಬರೆದ ಹಾಳೆ ಕೈಗೆ ಬರುವವರೆಗೆ ಆಂಬುಲೆನ್ಸ್ ಕರೆಯಬೇಡಿ.