ಕಾಮೆಂಟರಿ ಕೇಳಿದ್ರೆ ಫ್ಯೂರಿನೇ ಗೆದ್ದಂಗಿತ್ತು, ಮತ್ತೆ ಉಸಿಕ್‌ಗೆ ಹೇಗೆ ಕೊಟ್ರು?

2024ರ ಮೇನಲ್ಲಿ ರಿಯಾದ್‌ನಲ್ಲಿ ನಡೆದ ಟೈಸನ್ ಫ್ಯೂರಿ-ಒಲೆಕ್ಸಾಂಡರ್ ಉಸಿಕ್ ಬಾಕ್ಸಿಂಗ್ ಫೈಟ್ ತಾನೇ? ನಂಗೂ ಲೈವ್ ನೋಡ್ವಾಗ ಹಂಗೇ ಅನ್ಸಿತ್ತು, ಆಮೇಲೆ ಮ್ಯೂಟ್ ಮಾಡಿ ಇನ್ನೊಂದ್ಸಲ ನೋಡ್ದೆ, ಬೇರೆ ಫೈಟೇ ಕಾಣ್ತು ಗುರು.

ಫ್ಯೂರಿ ಆರಡಿ ಒಂಬತ್ತಿಂಚು ಆಸಾಮಿ, ಕೈ ಕೆಳಗಿಟ್ಕೊಂಡು ಮಂಗನಾಟ ಆಡ್ತಾನೆ, ಕಾಮೆಂಟೇಟರ್‌ಗಳ ಕಣ್ಣು ಅವನ ಮೇಲೇ, ಉಸಿಕ್ ಸದ್ದಿಲ್ದೆ ಕೊಟ್ಟ ಎಡಗೈ ಪಂಚ್‌ಗಳು ಅವ್ರ ಲೆಕ್ಕಕ್ಕೇ ಬರಲ್ಲ. ಹಂಗಂತ ಫ್ಯೂರಿ ಏನೂ ಮಾಡಿಲ್ಲ ಅಂತಲ್ಲ, ಆರನೇ ರೌಂಡಿನ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಕೊಡೋ ಪಂಚ್) ಸಖತ್ತಾಗಿತ್ತು.

ಆದ್ರೆ ಜಡ್ಜ್‌ಗಳು ರೌಂಡಿಗೊಂದು ಲೆಕ್ಕ ಹಾಕೋದು, ಗೆದ್ದೋನಿಗೆ 10, ಸೋತೋನಿಗೆ ಸಾಮಾನ್ಯವಾಗಿ 9. ಒಂಬತ್ತನೇ ರೌಂಡಲ್ಲಿ ಫ್ಯೂರಿ ತೂರಾಡಿ ಹೋಗಿ ಹಗ್ಗಕ್ಕೆ ಒರಗಿದ, ಹಗ್ಗ ಇಲ್ದಿದ್ರೆ ನೆಲಕ್ಕೇ ಬೀಳ್ತಿದ್ದ, ಅದಕ್ಕೇ ರೆಫ್ರಿ ಅದನ್ನ ಬಿದ್ದಂಗೇ ಅಂತ ಕೌಂಟ್ ಮಾಡಿದ್ರು, ಫ್ಯೂರಿಗೆ ಇನ್ನೊಂದು ಪಾಯಿಂಟ್ ಹೋಗಿ ರೌಂಡು 10-8 ಆಯ್ತು. ಕೊನೆಗೆ ಇಬ್ರು ಜಡ್ಜ್ ಉಸಿಕ್‌ಗೆ 115-112, 114-113 ಅಂದ್ರು, ಇನ್ನೊಬ್ರು ಫ್ಯೂರಿಗೆ 114-113. ಆ ಕೌಂಟಲ್ಲಿ ಹೋದ ಒಂದು ಪಾಯಿಂಟ್ ಫ್ಯೂರಿಗೆ ವಾಪಸ್ ಕೊಟ್ರೆ ಉಸಿಕ್‌ನ 114-113 ಲೆಕ್ಕ 114-114 ಆಗ್ತಿತ್ತು, ಉಳಿದ ಇಬ್ರು ಜಡ್ಜ್ ಒಬ್ಬೊಬ್ರ ಕಡೆ, ಫೈಟ್ ಡ್ರಾ! ಡಿಸೆಂಬರ್‌ನ ರೀಮ್ಯಾಚಲ್ಲಿ ಮೂರೂ ಜಡ್ಜ್ 116-112 ಉಸಿಕ್‌ಗೆ ಕೊಟ್ರು, ಫ್ಯೂರಿ ಫ್ಯಾನ್ಸ್ ಅದಕ್ಕೂ ಗೊಣಗಿದ್ರು ಬಿಡಿ.