'ಚೆನ್ನಾಗಿದೆಯಾ' ಅಂತ ಕೇಳಬೇಡಿ, 'ಏನಾಯ್ತು' ಅಂತ ಕೇಳಿ

ಕೆಲಸದ ಮೇಲೆ ದಾವಣಗೆರೆಗೆ ಬಂದಿದ್ದೀರಿ, ಜೊತೆಗೆ ಅಮ್ಮ ಇದ್ದಾರೆ. ಹೊಸ ಸಿನಿಮಾ, ಹೊಸ ಸೀರಿಯಲ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರ ಮಾತು ನಂಬಬೇಕು ಅಂತ ಕೇಳಿದ್ದೀರಿ. ನಾನಾದರೆ ನಮ್ಮಂಥ ಸಾಮಾನ್ಯ ಪ್ರೇಕ್ಷಕರನ್ನೇ ನಂಬುತ್ತೇನೆ. ಆದರೆ ಅವರನ್ನು 'ಚೆನ್ನಾಗಿದೆಯಾ' ಅಂತ ಮಾತ್ರ ಕೇಳಬೇಡಿ. ಅದಕ್ಕೆ ಎಲ್ಲರೂ 'ಹ್ಞೂಂ, ಪರವಾಗಿಲ್ಲ' ಅಂದುಬಿಡುತ್ತಾರೆ. 'ಅದರಲ್ಲಿ ಏನಾಯ್ತು' ಅಂತ ಕೇಳಿ ನೋಡಿ.

ನಾನು ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸೀರೆ ಬಿಚ್ಚಿ ತೋರಿಸುವಾಗ ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ನಿನ್ನೆ ರಾತ್ರಿಯ ಎಪಿಸೋಡಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಯಾವುದು ಜನಕ್ಕೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಅನ್ನೋದು ನಮಗೆ ಬೇಗ ಗೊತ್ತಾಗುತ್ತದೆ.

'ಸು ಫ್ರಮ್ ಸೋ' ಸಿನಿಮಾ ಬಂದದ್ದು 2025ರ ಜುಲೈ 25ಕ್ಕೆ. ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಮುಖ್ಯ ಪಾತ್ರ ಮಾಡಿದ್ದರು. ನಮ್ಮ ಅಂಗಡಿಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಿಲ್ ಹಾಕುವ ಹುಡುಗ ಭಾನುವಾರ ನೋಡಿಕೊಂಡು ಬಂದ. ಸೋಮವಾರ ಕೌಂಟರ್ ಹತ್ತಿರ ನಿಂತು ಶುರು ಮಾಡಿದ. ಒಬ್ಬ ಬಚ್ಚಲುಮನೆ ಇಣುಕಿ ಸಿಕ್ಕಿಬೀಳುತ್ತಾನಂತೆ. ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನಂತೆ. ಊರಿಗೆ ಊರೇ ನಂಬಿಬಿಡುತ್ತದಂತೆ, ಬಂದಿರೋದು ಸೋಮೇಶ್ವರದ ಸುಲೋಚನಾ ಅಂತ! ಅದರಲ್ಲಿ ಬರೋ ರವಿಯಣ್ಣನ ಪಾತ್ರ ಹೇಗೆ ನಡೆಯುತ್ತದೆ ಅಂತ ಮಡಿಸಿದ ಸೀರೆ ಕೈಯಲ್ಲಿ ಹಿಡಿದೇ ನಡೆದು ತೋರಿಸಿದ. ಮೊಮ್ಮಗಳ ಮದುವೆಗೆ ಸೀರೆ ಆರಿಸುತ್ತಿದ್ದ ಅಜ್ಜಿಯೊಬ್ಬರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, 'ಆಮ್ಯಾಕೆ ಏನಾತಪ್ಪ?' ಅಂದರು.

ನನಗೆ ಅಷ್ಟು ಸಾಕು. ಆ ಹುಡುಗ ಎಷ್ಟು ಕೋಟಿ ಗಳಿಸಿತು ಅನ್ನಲಿಲ್ಲ, ಐದಕ್ಕೆ ಎಷ್ಟು ಸ್ಟಾರ್ ಅನ್ನಲಿಲ್ಲ. ಕಥೆ ಅವನ ತಲೆಯಲ್ಲಿ ಕೂತಿತ್ತು, ಅದನ್ನು ಇನ್ನೊಬ್ಬರಿಗೆ ಹೇಳದೆ ಇರೋಕೆ ಆಗುತ್ತಿರಲಿಲ್ಲ. ಅದೇ ವಾರ ನಾವು ನಾಲ್ಕೈದು ಜನ ಸೇರಿಕೊಂಡು ಹೋದೆವು. ಕರಾವಳಿಯ ಮಾತಿನ ಧಾಟಿ ನಮ್ಮ ಕಡೆಯದಲ್ಲ, ಆದರೂ ಬಾಲ್ಕನಿ ಪೂರ್ತಿ ನಗುತ್ತಿತ್ತು. ಇಷ್ಟು ನಗಿಸಿ, ಕೊನೆಗೆ ಒಂದು ಹೆಣ್ಣುಮಗಳ ಕಷ್ಟದ ಕಡೆಗೆ ಕಥೆ ತಿರುಗುತ್ತದಲ್ಲ, ಅದು ನನಗೆ ತುಂಬಾ ಇಷ್ಟವಾಯಿತು.

ದೊಡ್ಡ ಸ್ಟಾರ್ ಸಿನಿಮಾದ ಮೊದಲ ದಿನದ ಮಾತು ಬೇರೆ. ಅಶೋಕ ಅಥವಾ ಗೀತಾಂಜಲಿ ಥಿಯೇಟರ್ ಮುಂದೆ ಕಟೌಟಿಗೆ ಹಾರ ಹಾಕಿ, ಪಟಾಕಿ ಹೊಡೆದು ಒಳಗೆ ಹೋದವರು ಹೊರಗೆ ಬಂದು ಎಂಟ್ರಿ ಸೀನ್ ಬಗ್ಗೆಯೇ ಹೇಳುತ್ತಾರೆ. ಅದು ಪ್ರೀತಿ, ಅದನ್ನು ನಾನು ಕೀಳಾಗಿ ನೋಡೋದಿಲ್ಲ. ಆದರೆ ಇಂಟರ್‌ವಲ್ ಆದಮೇಲೆ ಏನಾಯ್ತು ಅಂತ ಕೇಳಿದಾಗ ತಡವರಿಸಿದರೆ ಸೋಮವಾರದವರೆಗೆ ಕಾಯಿರಿ.

ಥಿಯೇಟರಿನಿಂದ ಬೇಗ ಹೋಯಿತು ಅಂದ ಮಾತ್ರಕ್ಕೆ ಸಿನಿಮಾ ಚೆನ್ನಾಗಿಲ್ಲ ಅಂತಲೂ ಅಲ್ಲ. 'ದಿಯಾ' 2020ರ ಫೆಬ್ರವರಿಯಲ್ಲಿ ಬಂದಾಗ ಹೆಚ್ಚು ಜನ ನೋಡಲೇ ಇಲ್ಲ. ಆಮೇಲೆ ಲಾಕ್‌ಡೌನ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ನೋಡಿದವರು ಒಬ್ಬರಿಂದ ಒಬ್ಬರಿಗೆ ಹೇಳಿ ಹೇಳಿಯೇ ಅದು ಮನೆಮಾತಾಯಿತು. ಅದರ ನಾಯಕಿ ಖುಷಿ ರವಿಯೇ 2025ರಲ್ಲಿ ಝೀ5ನಲ್ಲಿ ಬಂದ 'ಅಯ್ಯನ ಮನೆ' ವೆಬ್ ಸೀರೀಸ್‌ನಲ್ಲೂ ಇದ್ದಾರೆ. ಹೊಸ ಸೊಸೆ ಒಂದು ಮನೆಗೆ ಬರುತ್ತಾಳೆ. ಆ ಮನೆಯ ಸೊಸೆಯಂದಿರು ಹಿಂದೆ ಒಬ್ಬೊಬ್ಬರಾಗಿ ಸತ್ತಿದ್ದಾರೆ. ಎಪಿಸೋಡ್ ಕಡಿಮೆ, ಎಳೆದಾಟ ಇಲ್ಲ. ನೀವು ರಾತ್ರಿ ಊಟ ಮಾಡಿ ಕೂತರೆ ಮುಗಿಸಿಯೇ ಏಳುತ್ತೀರಿ.

ಸೀರಿಯಲ್ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಮೊದಲ ಎರಡು ವಾರ ಎಲ್ಲಾ ಸೀರಿಯಲ್ಲೂ ಚೆಂದವೇ. ಹೊರಗೆ ಹೋಗಿ ಶೂಟಿಂಗ್ ಮಾಡಿರುತ್ತಾರೆ, ಕಥೆ ಓಡುತ್ತಿರುತ್ತದೆ. ಆಮೇಲೆ ವಾರವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ, ಬರುತ್ತದೆ, ದಿನಾ ಒಂದು ಎಪಿಸೋಡ್ ಕೊಡಲೇಬೇಕು. ಆಗ ಒಂದು ಮಾತಿಗೆ ಮನೆಮಂದಿಯೆಲ್ಲರ ಮುಖ ಒಂದೊಂದಾಗಿ ತೋರಿಸೋದು ಶುರುವಾಗುತ್ತದೆ. ಒಂದು ಮಂಗಳಸೂತ್ರ ಕಟ್ಟೋಕೆ ವಾರ ಬೇಕು! ನೋಡೋರ ಸಮಯಕ್ಕೆ ಬೆಲೆ ಇಲ್ಲವೇ ಅಂತ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪಾಪ, ಬೆಳಗಿನಿಂದ ದುಡಿದು ಅರ್ಧ ಗಂಟೆ ಕೂರೋ ಹೆಂಗಸರು ಇವರೆಲ್ಲ.

ಇಷ್ಟಾದರೂ ಕೆಲವು ಘಟ್ಟಗಳು ಮನಸ್ಸಿನಲ್ಲಿ ಉಳಿಯುತ್ತವೆ. ಕಲರ್ಸ್ ಕನ್ನಡದ 'ಭಾಗ್ಯಲಕ್ಷ್ಮೀ'ಯಲ್ಲಿ ಭಾಗ್ಯ, ಮಗಳು ಓದುವ ಕಾಲದಲ್ಲಿ ತಾನೂ ಹತ್ತನೇ ಕ್ಲಾಸ್ ಕಟ್ಟುತ್ತಾಳೆ. ಗಂಡ ಹಂಗಿಸುತ್ತಾನೆ, ಅತ್ತೆ ಸೊಸೆಯ ಬೆನ್ನಿಗೆ ನಿಲ್ಲುತ್ತಾಳೆ. ಆ ದಿನಗಳಲ್ಲಿ ಅಂಗಡಿಗೆ ಬಂದ ಒಬ್ಬರು ಸೀರೆಯ ರೇಟ್ ಕೇಳೋದು ಬಿಟ್ಟು, 'ನಾನೂ ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟಾಕಿದೆ ಕಣ್ರೀ' ಅಂದರು. ಪಕ್ಕದಲ್ಲಿದ್ದ ಅವರ ಮಗಳು ತಿರುಗಿ ಅಮ್ಮನನ್ನೇ ನೋಡಿದಳು. ಬಹುಶಃ ಅವಳಿಗೂ ಗೊತ್ತಿರಲಿಲ್ಲ. ಸುಷ್ಮಾ ಕೆ. ರಾವ್ ಆ ಪಾತ್ರವನ್ನು ಅಷ್ಟು ಸಹಜವಾಗಿ ಮಾಡಿದ್ದಾರೆ.

ಹಳೇ ಉದಾಹರಣೆ ಬೇಕಾದರೆ ಪಕ್ಕದ ಚಿತ್ರದುರ್ಗಕ್ಕೆ ಹೋಗಿ. 1972ರ 'ನಾಗರಹಾವು' ಅಲ್ಲೇ ತೆಗೆದದ್ದು. ಕಾದಂಬರಿ ಬರೆದ ತ.ರಾ.ಸು. ಅವರಿಗೆ ಪುಟ್ಟಣ್ಣ ಕಣಗಾಲರ ಸಿನಿಮಾ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಜನ ಮಾತ್ರ ರಾಮಾಚಾರಿಯನ್ನೂ ಚಾಮಯ್ಯ ಮೇಷ್ಟ್ರನ್ನೂ ಇವತ್ತಿಗೂ ಬಿಟ್ಟಿಲ್ಲ. ಕೋಟೆಯ ಕಲ್ಲುಗಳ ನಡುವೆ ನಿಂತು ಮಕ್ಕಳಿಗೆ ಸೀನ್ ಸೀನೇ ಹೇಳುವ ಅಪ್ಪಂದಿರನ್ನು ಅಲ್ಲಿ ನೀವೇ ನೋಡಬಹುದು.

ನಿಮ್ಮ ಅಮ್ಮನಿಗೆ ಒಂದೇ ಸೀರಿಯಲ್ ಹಿಡಿದುಕೊಳ್ಳೋಕೆ ಹೇಳಿ, ಎರಡು ತಿಂಗಳು ಓಡಿದ್ದನ್ನು. ಪಕ್ಕದ ಮನೆಯವರನ್ನು 'ಇಲ್ಲಿಯವರೆಗೆ ಏನಾಯ್ತು' ಅಂತ ಕೇಳಲಿ. ಐದು ನಿಮಿಷದಲ್ಲಿ ಕಥೆ ಗೊತ್ತಾಗುತ್ತದೆ, ಹೊಸ ಊರಿನಲ್ಲಿ ಮಾತಾಡೋಕೆ ಒಬ್ಬರು ಸಿಕ್ಕ ಹಾಗೂ ಆಗುತ್ತದೆ.