ಬಾಲ ಇಲ್ಲದಿದ್ದರೆ ಇರಲಿ, ಹಿಂಗಾಲು ನೋಡಿ

ಪ್ರಶ್ನೆ: ಬಾಲವೇ ಇಲ್ಲದ ಮ್ಯಾಂಕ್ಸ್ ಬೆಕ್ಕಿನ ಫೋಟೊ ನೋಡಿ ಮನೆಮಂದಿಯೆಲ್ಲ ಮರುಳಾಗಿದ್ದೇವೆ. ಸಾಕಿರುವವರು ಎಂಟು ವಾರದ ಮರಿ ಕೊಡುತ್ತೇವೆ ಅಂತಿದ್ದಾರೆ. ತಂದುಬಿಡಲಾ? ಬಾಲ ಕತ್ತರಿಸಿರುತ್ತಾರಾ?

ಉತ್ತರ: ಕತ್ತರಿಸಿರುವುದಿಲ್ಲ, ಹುಟ್ಟುವಾಗಲೇ ಹಾಗೆ. ಇದು ಐರಿಶ್ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದ ಬೆಕ್ಕು. ಅಲ್ಲಿನವರಿಗೆ ಇದರ ಮೇಲೆ ಎಷ್ಟು ಅಭಿಮಾನ ಅಂದರೆ, 1970ರಲ್ಲಿ ನಾಣ್ಯದ ಮೇಲೂ ತಂದು ಕೂರಿಸಿದರು. ಬೈಬಲ್ಲಿನ ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆ ಹತ್ತುವಾಗ ತಡಮಾಡಿತು, ಬಾಗಿಲಿಗೆ ಸಿಕ್ಕಿ ಬಾಲ ಹೋಯಿತು ಅಂತ ಒಂದು ಕಥೆಯೂ ಇದೆ. ನಿಜವಾದ ಕಾರಣ ಒಂದು ಜೀನ್.

ತೊಂದರೆ ಇರುವುದೂ ಅಲ್ಲೇ. ಬಾಲ ಅಂದರೆ ಬೆನ್ನುಮೂಳೆಯ ತುದಿ ಅಲ್ವಾ? ಬಾಲವನ್ನು ಮೊಟಕು ಮಾಡುವ ಜೀನ್ ಕೆಲವು ಮರಿಗಳಲ್ಲಿ ಅಷ್ಟಕ್ಕೇ ನಿಲ್ಲದೆ ಬೆನ್ನುಮೂಳೆಯ ಕೆಳಭಾಗಕ್ಕೂ ಅಲ್ಲಿನ ನರಗಳಿಗೂ ಕೈಹಾಕುತ್ತದೆ, ಆಗ ಹಿಂಗಾಲಿಗೆ ಬಲ ಇರುವುದಿಲ್ಲ, ಮೂತ್ರ ತಾನಾಗೇ ಸೋರುತ್ತದೆ, ಇಲ್ಲವೇ ಮಲಬದ್ಧತೆ ಜೀವಮಾನವಿಡೀ ಕಾಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದ ಮರಿ ಹುಟ್ಟುವುದೇ ಇಲ್ಲ, ಹೊಟ್ಟೆಯಲ್ಲೇ ಸಾಯುತ್ತದೆ.

ಆದ್ದರಿಂದ ಎಂಟು ವಾರಕ್ಕೆ ಬೇಡ. ಈ ತೊಂದರೆ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಮರಿ ಅವರ ಹತ್ತಿರವೇ ಇರಲಿ. ಕಾಯುವುದಕ್ಕೆ ಒಪ್ಪದೆ ಅವಸರ ಮಾಡಿದರೆ ಅವರಿಂದ ತರಲೇಬೇಡಿ. ನೋಡಲು ಹೋದಾಗ ಮುದ್ದಾದ ಮುಖ ಆಮೇಲೆ ನೋಡಿ, ಮೊದಲು ನಡೆಸಿ, ಓಡಿಸಿ. ಮ್ಯಾಂಕ್ಸ್‌ಗೆ ಹಿಂಗಾಲು ಸ್ವಲ್ಪ ಉದ್ದ, ಅದು ಸಹಜ. ಆದರೆ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿಕೊಂಡೇ ಓಡಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸದೆ ತರಬಾರದು. ಹಿಂಭಾಗ ಒದ್ದೆಯಾಗಿದೆಯಾ, ಕೊಳಕಾಗಿದೆಯಾ ಅಂತ ಬಾಲದ ಜಾಗ ಎತ್ತಿ ನೋಡಿ. ನಾಚಿಕೆ ಬೇಡ.

ಇನ್ನೊಂದು ಮಾತು. ಮ್ಯಾಂಕ್ಸ್ ಅಂದ ಮಾತ್ರಕ್ಕೆ ಬಾಲ ಪೂರ್ತಿ ಇಲ್ಲ ಅಂತಲ್ಲ. ಒಂದೇ ಸೂಲಿನಲ್ಲಿ ಒಂದಕ್ಕೆ ಬಾಲದ ಜಾಗದಲ್ಲಿ ಕುಳಿ, ಒಂದಕ್ಕೆ ಮೋಟು, ಒಂದಕ್ಕೆ ಉದ್ದ ಬಾಲವೇ ಇರಬಹುದು. ನನ್ನನ್ನು ಕೇಳಿದರೆ ಬಾಲ ಇರುವ ಮರಿಯೂ ಅಷ್ಟೇ ಚೆನ್ನ, ಫೋಟೊದಲ್ಲಿ ಮೆರೆಯುವುದಿಲ್ಲ ಅಷ್ಟೇ.

ಪ್ರಶ್ನೆ: ನಮ್ಮ ಮ್ಯಾಂಕ್ಸ್‌ಗೆ ಈಗ ಎರಡು ವರ್ಷ, ಆರೋಗ್ಯವಾಗಿದೆ. ಬೇರೆ ಬೆಕ್ಕಿಗಿಂತ ಜಾಸ್ತಿ ಆರೈಕೆ ಬೇಕಾ? ಬಾಲವಿಲ್ಲದೆ ಎತ್ತರಕ್ಕೆ ಹಾರಿದರೆ ಬೀಳುವುದಿಲ್ಲವಾ?

ಉತ್ತರ: ಹಾರಲಿ ಬಿಡಿ. ಹುಟ್ಟಿನಿಂದ ಬಾಲ ಕಾಣದ ಬೆಕ್ಕು ಅದಿಲ್ಲದೆಯೇ ಸಮತೋಲನ ಕಲಿತಿರುತ್ತದೆ.

ಆರೈಕೆಯಲ್ಲಿ ಮುಖ್ಯವಾದದ್ದು ಮರಳಿನ ಟ್ರೇ. ದಿನಾ ನೀವೇ ಕ್ಲೀನ್ ಮಾಡಿ, ಆಗಲೇ ಗೊತ್ತಾಗುವುದು ಮಲ ಗಟ್ಟಿಯಾಗಿದೆಯಾ, ಮೂತ್ರ ಕಡಿಮೆಯಾಗಿದೆಯಾ ಅಂತ. ಎರಡು ದಿನ ಮಲ ಇಲ್ಲದಿದ್ದರೆ ವೈದ್ಯರಿಗೆ ಹೇಳಿ. ಮೂತ್ರಕ್ಕೆ ಕೂತು ತಿಣುಕುತ್ತಾ ಒಂದು ಹನಿಯೂ ಬರದಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಕರೆದುಕೊಂಡು ಹೋಗಿ. ಮನುಷ್ಯರ ಮಲಬದ್ಧತೆಯ ಮಾತ್ರೆಯನ್ನು ನೀವಾಗಿ ಕೊಡಬೇಡಿ. ತೂಕ ಏರಲು ಬಿಡಬೇಡಿ, ಭಾರವೆಲ್ಲ ಬೀಳುವುದು ಆ ಸೊಂಟದ ಮೇಲೆ. ಕೂದಲು ಎರಡು ಪದರ ಇರುವುದರಿಂದ ವಾರಕ್ಕೆ ಒಂದೆರಡು ಸಲ ಬಾಚಿ. ಎತ್ತುವಾಗ ಹಿಂಭಾಗಕ್ಕೆ ಅಂಗೈ ಆಸರೆ ಕೊಡಿ, ಮೋಟು ಬಾಲ ಇದ್ದರೆ ಮಕ್ಕಳು ಹಿಡಿದೆಳೆಯದಂತೆ ಮೊದಲೇ ಹೇಳಿಡಿ, ಅಲ್ಲಿ ನೋವಿರಬಹುದು.

ಪ್ರಶ್ನೆ: ಮೋಟು ಬಾಲ ಬೇಕು, ಬೆನ್ನುಮೂಳೆಯ ಭಯ ಬೇಡ. ಬೇರೆ ತಳಿ ಇದೆಯಾ?

ಉತ್ತರ: ಜಪಾನೀಸ್ ಬಾಬ್‌ಟೇಲ್ ನೋಡಿ. ಅದರ ಜೀನ್ ಬೇರೆ, ಮ್ಯಾಂಕ್ಸ್‌ನ ಆ ಕಾಯಿಲೆ ಅದಕ್ಕೆ ಅಂಟಿಕೊಂಡಿಲ್ಲ. ಬಾಲ ಪೂರ್ತಿ ಮಾಯವಾಗಿರುವುದಿಲ್ಲ, ಮೊಲದ ಬಾಲದಂತೆ ಒಂದು ಕುಚ್ಚು ಇರುತ್ತದೆ. ಹಾಂ, ತುಂಬಾ ಮಾತುಗಾರ ಬೆಕ್ಕು ಅದು, ಮನೆಯಲ್ಲಿ ಮೌನ ಬೇಕು ಅನ್ನುವವರು ಯೋಚಿಸಿ.